ಕಚ್ಚಿದಾಗಲ್ಲ, ಬಿಟ್ಟಾಗ ನೋವು

ನೋವು ಕಚ್ಚುವಾಗ ಬರುತ್ತಿರಲಿಲ್ಲ, ಕಚ್ಚಿ ಬಿಡುವಾಗ ಬರುತ್ತಿತ್ತು. ಚಕ್ಕುಲಿ ಮುರಿಯುವವರೆಗೂ ಸುಮ್ಮನಿರುವ ಹಲ್ಲು, ದವಡೆ ಸಡಿಲ ಮಾಡಿದ ತಕ್ಷಣ ಚುಳುಕ್ ಅನ್ನುತ್ತಿತ್ತು. ಒಂದು ಗಳಿಗೆ ಅಷ್ಟೇ, ಆಮೇಲೆ ಏನೂ ಇಲ್ಲ. ಬಲಗಡೆ ಕೆಳಗಿನ ದವಡೆ ಹಲ್ಲು. ಬರೀ ಅನ್ನ ತಿಂದರೆ ತಂಟೆಯಿಲ್ಲ. ಅದೇ ಅನ್ನದಲ್ಲಿ ಒಗ್ಗರಣೆಯ ಒಂದು ಸಾಸಿವೆ ಸರಿಯಾದ ಜಾಗಕ್ಕೆ ಸಿಕ್ಕಿತೋ, ಮುಗಿಯಿತು, ಕಣ್ಣಲ್ಲಿ ನೀರು.

ಇದನ್ನು ಇನ್ನೊಬ್ಬರಿಗೆ ಹೇಳಿ ನಂಬಿಸುವುದು ಕಷ್ಟ. "ಬಿಟ್ಟಾಗ ಹೆಂಗೆ ನೋಯುತ್ತೆ ಮಾರಾಯ್ತಿ?" ಅಂದರು ನಮ್ಮನೆಯವರು. ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದರು. ಹುಳುಕಿಲ್ಲ, ಬೇರಿನ ಹತ್ತಿರ ಕೀವಿಲ್ಲ, ಎಲ್ಲ ಸರಿ ಇದೆ ಅಂದರು. ಜುಮ್ ಅನ್ನೋದಕ್ಕೆ ಇರಲಿ ಅಂತ ಒಂದು ಪೇಸ್ಟ್ ಬರೆದುಕೊಟ್ಟರು. ಟ್ಯೂಬ್ ಖಾಲಿಯಾಯಿತು, ನೋವು ಹಾಗೇ ಇತ್ತು. ಅಷ್ಟರಲ್ಲಿ ಊಟವೆಲ್ಲ ಎಡಗಡೆಯಲ್ಲೇ ನಡೆಯುವುದು ರೂಢಿಯಾಗಿಬಿಟ್ಟಿತ್ತು.

ನಮ್ಮ ಅಣ್ಣನ ಮನೆ ಶಿವಮೊಗ್ಗದಲ್ಲಿ. ಅವನ ಮಗಳು ಬಿಡಿಎಸ್ ಮೊದಲನೇ ವರ್ಷ ಓದುತ್ತಿದ್ದಾಳೆ. ಫೋನಿನಲ್ಲಿ ಮಾತಿನ ಮಧ್ಯೆ ಇದನ್ನು ಹೇಳಿದೆ. ಅವಳು ನಗಲಿಲ್ಲ. "ಅತ್ತೆ, ಬಿಟ್ಟಾಗ ನೋವು ಅಂದ್ರೆ ಹಲ್ಲು ಬಿರುಕು ಬಿಟ್ಟಿರಬಹುದು. ನಮ್ಮ ಸೀನಿಯರ್ಸ್ ಹೇಳ್ತಿರ್ತಾರೆ. ನೀನು ಇಲ್ಲಿಗೆ ಬಾ" ಅಂದಳು. ತೀರ್ಥಹಳ್ಳಿಯ ನನ್ನ ಹೊಲಿಗೆ ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿದೆ. ಮದುವೆ ಸೀಸನ್ ಅಲ್ಲದಿದ್ದರಿಂದ ಪರವಾಗಿಲ್ಲ.

ದುರ್ಗಿಗುಡಿಯ ಕಡೆ ಒಂದು ಕ್ಲಿನಿಕ್. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋಯುವ ಹಲ್ಲು ಬಿಟ್ಟು ಬೇರೆಲ್ಲ ನೋಡಲು ಶುರು ಮಾಡಿದರು. ಬಾಯಿ ಎಷ್ಟು ತೆರೆಯುತ್ತೆ ಅಂತ ನೋಡಿದರು, ಕೆನ್ನೆಯ ಒಳಭಾಗ ಬೆರಳಿನಿಂದ ಮುಟ್ಟಿದರು. ಅಡಿಕೆ ಜಾಸ್ತಿ ಅಗಿಯುವವರಿಗೆ ಕೆನ್ನೆಯ ಒಳಚರ್ಮ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ, ಮಲೆನಾಡಿನ ಕಡೆಯವರು ಅಂದರೆ ಇದನ್ನು ನೋಡದೆ ಬಿಡುವುದಿಲ್ಲ ಅಂದರು. ನಾನು ಕವಳ, ಅಂದರೆ ಎಲೆಅಡಿಕೆ, ಹಾಕುವವಳಲ್ಲ. ಆಮೇಲೆ ಮುಂದಿನ ಹಲ್ಲಿನ ಅಂಚು ನೋಡಿ, "ಅಕ್ಕ, ನೀವು ಟೈಲರಾ?" ಅಂತ ಕೇಳಿಬಿಟ್ಟರು! ದಾರ ಕಚ್ಚಿ ಕಚ್ಚಿ ಬಾಚಿ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿತ್ತಂತೆ. ಕತ್ತರಿ ಪಕ್ಕದಲ್ಲೇ ಇದ್ದರೂ ದಾರಕ್ಕೆ ಹಲ್ಲೇ ಬೇಕು ನಮಗೆ. ಇದನ್ನು ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಆಗಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಪರೀಕ್ಷೆ ಮಾಡಿದ ರೀತಿ ಹೇಳಲೇಬೇಕು. ಒಂದು ಪ್ಲಾಸ್ಟಿಕ್ ಕಡ್ಡಿ, ತುದಿಯಲ್ಲಿ ಚಿಕ್ಕ ಗುಳಿ. ಆ ಗುಳಿಯನ್ನು ಹಲ್ಲಿನ ಮೇಲಿನ ಒಂದೇ ಒಂದು ದಿಬ್ಬಕ್ಕೆ ಕೂರಿಸಿ "ಕಚ್ಚಿ, ಈಗ ಬಿಡಿ" ಅನ್ನುತ್ತಾರೆ. ಆಮೇಲೆ ಪಕ್ಕದ ದಿಬ್ಬ. ನನ್ನ ಹಲ್ಲಿನ ಕೆನ್ನೆ ಕಡೆಯ ದಿಬ್ಬಗಳಲ್ಲಿ ಏನೂ ಆಗಲಿಲ್ಲ. ನಾಲಿಗೆ ಕಡೆಯ ಹಿಂದಿನದರಲ್ಲೂ ಇಲ್ಲ. ನಾಲಿಗೆ ಕಡೆಯ ಮುಂದಿನ ದಿಬ್ಬಕ್ಕೆ ಕಡ್ಡಿ ಇಟ್ಟರು. ಕಚ್ಚಿದೆ, ಸುಮ್ಮನಿತ್ತು. ಬಿಟ್ಟೆ. ಕುರ್ಚಿಯ ಕೈ ಹಿಡಿದುಕೊಂಡೆ. "ಸಿಕ್ತು" ಅಂದರು.

ಹಲ್ಲಿನ ಮೇಲಿನ ಈ ದಿಬ್ಬಗಳಿಗೆ ಡಾಕ್ಟರುಗಳು ಕಸ್ಪ್ ಅನ್ನುತ್ತಾರೆ. ಅಲ್ಲಿಯವರೆಗೆ ದವಡೆ ಹಲ್ಲು ಅಂದರೆ ಒಂದು ಗಟ್ಟಿ ಕಲ್ಲು, ಮೇಲೆ ಸ್ವಲ್ಪ ಏರುತಗ್ಗು ಅಂತಷ್ಟೇ ನನ್ನ ತಲೆಯಲ್ಲಿದ್ದದ್ದು. ಒಂದೇ ಹಲ್ಲಿನಲ್ಲಿ ಒಂದು ದಿಬ್ಬ ನೊಂದು, ಪಕ್ಕದ್ದಕ್ಕೆ ಗೊತ್ತೇ ಇಲ್ಲದ ಹಾಗೆ ಇರುತ್ತದೆ ಅಂದರೆ ಆಶ್ಚರ್ಯ ಅಲ್ವಾ?

ಬಿರುಕು ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ ಅಂತ ಕೇಳಿದೆ. ಇಂಥ ಬಿರುಕು ಸಾಮಾನ್ಯವಾಗಿ ಹಲ್ಲಿನ ಮುಂದಿನಿಂದ ಹಿಂದಕ್ಕೆ ಓಡುತ್ತದೆ. ಎಕ್ಸ್‌ರೇ ಕೆನ್ನೆ ಕಡೆಯಿಂದ ಹೊಡೆಯುವುದರಿಂದ ಬಿರುಕಿನ ಅಗಲವೇ ಅದರಲ್ಲಿ ಬೀಳುವುದಿಲ್ಲ. ಅದಕ್ಕೆ ಒಂದು ಸಣ್ಣ ಪ್ರಖರ ಲೈಟು ಹಿಡಿದು ತೋರಿಸಿದರು. ಗಟ್ಟಿ ಹಲ್ಲಿನಲ್ಲಿ ಬೆಳಕು ಈ ಕಡೆಯಿಂದ ಆ ಕಡೆಗೆ ಹರಡುತ್ತದೆ. ನನ್ನದರಲ್ಲಿ ಬೆಳಕು ಒಂದು ಗೆರೆಯವರೆಗೆ ಬಂದು ನಿಂತುಬಿಟ್ಟಿತ್ತು, ಆಚೆಗೆ ಕಪ್ಪು. ಫೋಟೋ ತೆಗೆದು ಪರದೆ ಮೇಲೆ ಹಾಕಿದಾಗ ನನಗೂ ಕಂಡಿತು.

ಬಿಟ್ಟಾಗ ನೋವು ಬರುವುದಕ್ಕೂ ಕಾರಣ ಇದೆ. ಹಲ್ಲಿನ ಹೊರಪದರ ಎನಾಮಲ್. ದೇಹದಲ್ಲೇ ಎಲ್ಲಕ್ಕಿಂತ ಗಟ್ಟಿ ವಸ್ತು ಅದು, ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಅದಕ್ಕೆ ನೋವು ಗೊತ್ತಾಗುವುದಿಲ್ಲ, ಒಮ್ಮೆ ಹೋದರೆ ಮತ್ತೆ ಬೆಳೆಯುವುದೂ ಇಲ್ಲ. ಅದರ ಒಳಗೆ ಹಳದಿ ಬಣ್ಣದ ಡೆಂಟಿನ್. ಅದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು, ಕೊಳವೆಗಳಲ್ಲಿ ದ್ರವ. ಕಚ್ಚಿದಾಗ ಬಿರುಕು ಬಿಟ್ಟ ದಿಬ್ಬ ಚೂರು ಆಚೆ ವಾಲುತ್ತದೆ. ಬಿಟ್ಟಾಗ ಥಟ್ಟನೆ ವಾಪಸ್ ಬರುತ್ತದೆ. ಆಗ ಕೊಳವೆಯ ದ್ರವ ಅಲುಗಿ ಒಳಗಿನ ನರಕ್ಕೆ ತಿವಿಯುತ್ತದೆ.

ಯಾಕೆ ಬಿರುಕು ಬಿಟ್ಟಿತು ಅಂದರೆ, ಮಧ್ಯದಲ್ಲಿ ಹಳೇ ಬೆಳ್ಳಿ ಬಣ್ಣದ ಫಿಲ್ಲಿಂಗ್ ಇತ್ತು. ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು. ಈ ಹಲ್ಲು ಆರನೇ ವರ್ಷದ ಆಸುಪಾಸಿನಲ್ಲಿ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದಿರುವುದಿಲ್ಲವಲ್ಲ, ಹಾಗಾಗಿ ಇದೂ ಹಾಲುಹಲ್ಲೇ, ಬಿದ್ದು ಹೋಗುತ್ತೆ ಅಂತ ಮನೆಯಲ್ಲಿ ಅಂದುಕೊಳ್ಳುತ್ತಾರೆ. ದಿಬ್ಬಗಳ ನಡುವಿನ ಸಂದಿಯಲ್ಲಿ ಸಿಹಿ ಕೂತು ಹುಳುಕಾಗುವುದು ಇದಕ್ಕೇ ಜಾಸ್ತಿ. ಹುಳುಕು ಕೊರೆದು ನಡುವಿನ ಭಾಗ ತೆಗೆದು ಫಿಲ್ಲಿಂಗ್ ತುಂಬಿದರೆ, ಎರಡೂ ಕಡೆಯ ದಿಬ್ಬಗಳನ್ನು ಹಿಡಿದಿಟ್ಟಿದ್ದ ಸೇತುವೆಯೇ ಹೋದಂತೆ. ಒಂದೊಂದೂ ಒಂಟಿಯಾಗಿ ನಿಂತು ಹೊರೆ ಹೊರಬೇಕು.

ಇಲ್ಲೊಂದು ವಿಷಯ ನನಗೆ ತಲೆಕೆಳಗಾಗಿ ಕಂಡಿತು. ಕೆಳಗಿನ ದವಡೆಯಲ್ಲಿ ನಿಜವಾಗಿ ದುಡಿಯುವುದು ಕೆನ್ನೆ ಕಡೆಯ ದಿಬ್ಬಗಳು. ಮೇಲಿನ ದವಡೆಯಲ್ಲಿ ಅಂಗಳದ, ಅಂದರೆ ಬಾಯಿಯ ಮೇಲ್ಛಾವಣಿಯ ಕಡೆಯವು. ಇವು ಎದುರು ಹಲ್ಲಿನ ಗುಳಿಯಲ್ಲಿ ಹೋಗಿ ಕೂರುತ್ತವೆ, ಜಜ್ಜುತ್ತವೆ. ಅದಕ್ಕೇ ಇವುಗಳ ತಲೆ ಗುಂಡಗೆ, ಮೈ ದಪ್ಪ. ಉಳಿದವು, ಅಂದರೆ ಕೆಳಗೆ ನಾಲಿಗೆ ಕಡೆಯವು, ಮೇಲೆ ಕೆನ್ನೆ ಕಡೆಯವು, ಚೂಪಾಗಿರುತ್ತವೆ. ಅವು ಆಹಾರ ಜಾರಿ ಹೋಗದಂತೆ ತಡೆಯುತ್ತವೆ, ದವಡೆಗೆ ದಾರಿ ತೋರಿಸುತ್ತವೆ. ಜೊತೆಗೆ ನಾಲಿಗೆ, ಕೆನ್ನೆ ಎರಡೂ ಹಲ್ಲಿನ ನಡುವೆ ಸಿಕ್ಕದಂತೆ ಆಚೆ ಇಡುತ್ತವೆ. ಕೆಳಗಿನ ಹಲ್ಲಿನಲ್ಲಿ ಮುರಿಯುವುದು ಹೆಚ್ಚಾಗಿ ದುಡಿಯುವ ದಿಬ್ಬವಲ್ಲ, ನಾಲಿಗೆ ಕಡೆಯ ಈ ಕಾವಲು ದಿಬ್ಬ. ನನ್ನದೂ ಅದೇ.

"ನರಕ್ಕೆ ಇನ್ನೂ ಪೆಟ್ಟು ಬಿದ್ದಿಲ್ಲ" ಅಂದರು ಡಾಕ್ಟರು. ತಣ್ಣನೆ ಹತ್ತಿ ಇಟ್ಟು ನೋಡಿದ್ದರು. ಜುಮ್ ಅಂದು ತಕ್ಷಣ ನಿಂತಿತ್ತು. ತಣ್ಣಗಿನದು ತೆಗೆದ ಮೇಲೂ ನೋವು ಉಳಿದಿದ್ದರೆ ರೂಟ್ ಕೆನಾಲ್ ಅನ್ನುತ್ತಿದ್ದರಂತೆ. ಸದ್ಯಕ್ಕೆ ಬಿರುಕು ಬಿಟ್ಟ ಭಾಗ ತೆಗೆದು, ಎಲ್ಲ ದಿಬ್ಬಗಳನ್ನೂ ಸುತ್ತ ಹಿಡಿದುಕೊಳ್ಳುವ ಹಾಗೆ ಕ್ಯಾಪ್ ಹಾಕೋಣ ಅಂದರು. ಬರೀ ಫಿಲ್ಲಿಂಗ್ ಹೊಸದು ಮಾಡಿದರೆ ಇವತ್ತು ಇದು, ನಾಳೆ ಪಕ್ಕದ್ದು. ಖರ್ಚಿನ ಮಾತು ನಾನೇ ತೆಗೆದೆ. ಲೋಹದ ಮೇಲೆ ಸೆರಾಮಿಕ್ ಬಳಿದದ್ದು ಕಡಿಮೆ, ಜಿರ್ಕೋನಿಯಾ ಅನ್ನುವ ಗಟ್ಟಿ ಬಿಳಿ ಸೆರಾಮಿಕ್ಕಿನದು ಜಾಸ್ತಿ. ಒಂದೇ ಸಲ ಆಗಿಹೋಗಲಿ ಅಂತ ಜಿರ್ಕೋನಿಯಾ ಅಂದೆ.

ಇಂಜೆಕ್ಷನ್ ಕೊಟ್ಟ ಮೇಲೆ ಬಲಗಡೆ ತುಟಿ, ನಾಲಿಗೆಯ ಅರ್ಧ ಯಾರದ್ದೋ ಆಯಿತು. ಹಳೇ ಫಿಲ್ಲಿಂಗ್ ಕೊರೆದು ತೆಗೆದರು. ಅದರ ಕೆಳಗೆ ಬಿರುಕಿನ ಗೆರೆ ಕಂದು ಬಣ್ಣಕ್ಕೆ ತಿರುಗಿ ಸ್ಪಷ್ಟವಾಗಿತ್ತು. ಡಾಕ್ಟರು ಒಂದು ಉಪಕರಣದ ತುದಿಯನ್ನು ಗೆರೆಗೆ ಇಟ್ಟು ಹಗುರವಾಗಿ ಒತ್ತಿದರು. ಅಷ್ಟಕ್ಕೇ ದಿಬ್ಬ ಕಳಚಿ ಬಂತು. ಬಿಳಿ ಬಟ್ಟೆ ಮೇಲಿಟ್ಟು ತೋರಿಸಿದರು.

ಅದನ್ನು ತುಂಬ ಹೊತ್ತು ನೋಡಿದೆ. ಕಡಲೆಬೇಳೆಗಿಂತ ಚಿಕ್ಕದು. ಹೊರಗಿನ ಮುಖ ಗಾಜಿನಂತೆ ನುಣುಪು, ನೀಲಿ ಛಾಯೆಯ ಬಿಳಿ. ಮುರಿದ ಮುಖದಲ್ಲಿ ಎರಡು ಪದರ ಬೇರೆ ಬೇರೆ ಕಾಣುತ್ತಿತ್ತು. ಹೊರಗೆ ಬಿಳಿ, ಒಳಗೆ ಹಳದಿ. ತುದಿಯಲ್ಲಿ ಬಿಳಿ ದಪ್ಪ, ಕೆಳಗೆ ಬರುತ್ತಾ ತೆಳು. ಜಾಸ್ತಿ ಪೆಟ್ಟು ಬೀಳುವ ಕಡೆ ಎನಾಮಲ್ 2ರಿಂದ 2.5 ಮಿ.ಮೀ.ವರೆಗೂ ಇರುತ್ತದೆ, ಒಸಡಿನ ಹತ್ತಿರ ಬ್ಲೇಡಿನ ಅಂಚಿನಷ್ಟು ತೆಳ್ಳಗಾಗುತ್ತದೆ ಅಂದರು. ಮುರಿತ ಒಸಡಿಗಿಂತ ಮೇಲೇ ನಿಂತಿತ್ತು, ಅದು ನನ್ನ ಪುಣ್ಯ. ಬೇರಿನವರೆಗೆ ಇಳಿದಿದ್ದರೆ ಹಲ್ಲನ್ನೇ ಕೀಳಬೇಕಾಗಬಹುದಿತ್ತು.

ನಡುವಿನ ಗುಂಡಿಗೆ ಹಲ್ಲಿನ ಬಣ್ಣದ ಪದಾರ್ಥ ತುಂಬಿ, ಸುತ್ತಲೂ ಮೇಲೂ ಅರೆದರು. ಅರೆಯುವುದರಲ್ಲೂ ಲೆಕ್ಕ. ದುಡಿಯುವ ದಿಬ್ಬಗಳ ಮೇಲೆ ಜಾಸ್ತಿ ತೆಗೆಯಬೇಕು, ಕಾವಲಿನವುಗಳ ಮೇಲೆ ಸ್ವಲ್ಪ ಕಡಿಮೆ ಸಾಕು. ಎಲ್ಲಿ ಹೊರೆ ಜಾಸ್ತಿಯೋ ಅಲ್ಲಿ ಕ್ಯಾಪ್ ದಪ್ಪ ಇರಬೇಕಲ್ಲ. ಆಮೇಲೆ ಅಳತೆ. ಮೊದಲೆಲ್ಲ ಹಿಟ್ಟಿನಂಥದ್ದನ್ನು ಬಾಯಿಗೆ ತುರುಕಿ ಅಚ್ಚು ತೆಗೆಯುತ್ತಿದ್ದರು. ಇಲ್ಲಿ ಪುಟ್ಟ ಕ್ಯಾಮೆರಾ ಓಡಿಸಿದರು. ಮೇಲಿನ ಹಲ್ಲು, ಕೆಳಗಿನ ಹಲ್ಲು, ಎರಡೂ ಕಚ್ಚಿ ಹಿಡಿದದ್ದು, ಎಲ್ಲ ಬೇರೆ ಬೇರೆ. ಕೊನೆಗೆ ಒಂದು ತಾತ್ಕಾಲಿಕ ಕ್ಯಾಪ್ ಅಂಟಿಸಿ ಕಳಿಸಿದರು.

ಈ ತಾತ್ಕಾಲಿಕ ಕ್ಯಾಪೇ ನನಗೆ ಕಸ್ಪ್ ಅಂದರೆ ಏನು ಅಂತ ಕಲಿಸಿದ್ದು. ಎದುರು ಹಲ್ಲಿಗೆ ತಾಗದಿರಲಿ ಅಂತ ಅದನ್ನು ಚಪ್ಪಟೆಯಾಗಿ, ತಗ್ಗಾಗಿ ಮಾಡಿದ್ದರು. ನೋವಿಲ್ಲ. ಆದರೆ ಆ ಕಡೆಗೆ ಬಂದದ್ದು ಯಾವುದೂ ತುಂಡಾಗುವುದಿಲ್ಲ. ಅಣ್ಣನ ಮನೆಯಲ್ಲಿ ಹರಿವೆ ಸೊಪ್ಪಿನ ಸಾಸಿವೆ ಮಾಡಿದ್ದರು. ದಂಟು ಆ ಹಲ್ಲಿನ ಮೇಲೆ ಸುಮ್ನೆ ಒತ್ತಿಕೊಂಡು, ಜಾರಿ ಕೆನ್ನೆಗೆ ಹೋಗುತ್ತದೆ. ಒತ್ತುವುದು ಬೇರೆ, ಕತ್ತರಿಸುವುದು ಬೇರೆ. ದಿಬ್ಬ ಗುಳಿಗೆ ಇಳಿಯುವಾಗ ಅದರ ಇಳಿಜಾರು ಎದುರು ಇಳಿಜಾರಿನ ಪಕ್ಕದಲ್ಲಿ ಜಾರುತ್ತದೆ. ಹಾಗೆ ಜಾರುವಾಗಲೇ ನಾರು ತುಂಡಾಗುವುದು. ಪುಡಿಯಾದದ್ದು ಸಂದಿಗಳ ಮೂಲಕ ಹೊರಗೆ ಹರಿದು ಹೋಗುತ್ತದೆ. ಸಂದಿ ಅಂದರೆ ಹುಳುಕಿನ ಮನೆ ಅಂತಷ್ಟೇ ನಾನು ತಿಳಿದಿದ್ದೆ.

ಹುಡುಗಿ ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಮೇಣದ ತುಂಡಿನಲ್ಲಿ ಹಲ್ಲು ಕೆತ್ತುತ್ತಿದ್ದಳು. ಮೊದಲನೇ ವರ್ಷದಲ್ಲಿ ಇದೇ ಕೆಲಸವಂತೆ. ನಿಜವಾದ ಹಲ್ಲಿಗಿಂತ ದೊಡ್ಡದಾಗಿ, ಒಂದೊಂದೇ ಹಲ್ಲು. ಅವತ್ತು ಅವಳ ಕೈಯಲ್ಲಿದ್ದದ್ದು ನನ್ನ ಹಲ್ಲೇ, ಕೆಳಗಿನ ಮೊದಲ ದವಡೆ ಹಲ್ಲು. "ಇದಕ್ಕೆ ಐದು ಕಸ್ಪ್ ಅತ್ತೆ. ಕೆನ್ನೆ ಕಡೆ ಮೂರು, ನಾಲಿಗೆ ಕಡೆ ಎರಡು. ಐದನೇದು ಹಿಂದೆ ಮೂಲೆಯಲ್ಲಿರುತ್ತೆ, ಪಾಪ ಚಿಕ್ಕದು. ಅದನ್ನ ಮರೆತ್ರೆ ಸರ್ ಬ್ಲಾಕ್ ವಾಪಸ್ ಕೊಡ್ತಾರೆ" ಅಂದಳು. ಕೋರೆ ಹಲ್ಲಿಗೆ ಒಂದೇ ದಿಬ್ಬ. ಅದರ ಹಿಂದಿನ ಚಿಕ್ಕ ದವಡೆ ಹಲ್ಲುಗಳಿಗೆ ಸಾಮಾನ್ಯವಾಗಿ ಎರಡು. ಬಾಚಿ ಹಲ್ಲಿಗೆ ದಿಬ್ಬವೇ ಇಲ್ಲ, ಬರೀ ಅಂಚು. ಮುಂದೆ ಕತ್ತರಿಸು, ಮೂಲೆಯಲ್ಲಿ ಸೀಳು, ಹಿಂದೆ ಅರೆ. ಹಿಂದಕ್ಕೆ ಹೋದಂತೆ ದಿಬ್ಬ ಜಾಸ್ತಿ.

ಅವಳು ಹೇಳಿದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಹಲ್ಲು ಹುಟ್ಟುವ ರೀತಿ. ಹಲ್ಲು ಗಿಡದಂತೆ ಬುಡದಿಂದ ಬೆಳೆಯುತ್ತದೆ ಅಂದುಕೊಂಡಿದ್ದೆ. ಅಲ್ಲವಂತೆ. ದವಡೆಯೊಳಗೆ ಮೊದಲು ಗಟ್ಟಿಯಾಗುವುದು ಕಸ್ಪ್‌ಗಳ ತುದಿ. ಒಂದೊಂದು ತುದಿಯೂ ಬೇರೆ ಬೇರೆ ಶುರುವಾಗಿ, ಕೆಳಗೆ ಇಳಿಯುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬೇರು ಕೊನೆಗೆ. ಈ ಮೊದಲ ದವಡೆ ಹಲ್ಲಿನ ತುದಿಗಳು ಮಗು ಹುಟ್ಟುವ ಹೊತ್ತಿಗೇ ಗಟ್ಟಿಯಾಗಲು ಶುರುವಾಗುತ್ತವೆ. ಅಂದರೆ ಆ ಬಿಳಿ ಬಟ್ಟೆಯ ಮೇಲೆ ಕಂಡ ಚೂರು ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಿನದು!

ಆಮೇಲೆ ಟಾರ್ಚ್ ಹಿಡಿದು ನನ್ನ ಬಾಯಿಯನ್ನೇ ಪ್ರಾಕ್ಟಿಕಲ್ ಮಾಡಿಕೊಂಡಳು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ, ಅಂಗಳದ ಕಡೆ, ದೊಡ್ಡ ದಿಬ್ಬದ ಪಕ್ಕಕ್ಕೆ ಅಂಟಿದ ಒಂದು ಸಣ್ಣ ಗುಬುಟು ಕೆಲವರಿಗೆ ಇರುತ್ತದೆ. 19ನೇ ಶತಮಾನದಲ್ಲಿ ವಿಯೆನ್ನಾದಲ್ಲಿದ್ದ ಕಾರಬೆಲ್ಲಿ ಎಂಬ ದಂತವೈದ್ಯರ ಹೆಸರು ಅದಕ್ಕಿದೆ. ಎದುರು ಹಲ್ಲಿಗೆ ತಾಗುವುದೂ ಇಲ್ಲ, ಅಗಿಯುವ ಕೆಲಸವೂ ಇಲ್ಲ. ಮನೆತನದಲ್ಲಿ ಬರುತ್ತದೆ. ನನಗಿತ್ತು, ಅವಳಿಗೂ ಇತ್ತು. ಅಣ್ಣನನ್ನೂ ಟಿವಿ ಮುಂದಿನಿಂದ ಎಬ್ಬಿಸಿ ಬಾಯಿ ತೆರೆಸಿದಳು. ಅವನಿಗೂ ಇತ್ತು. ಅತ್ತಿಗೆಗೆ ಇರಲಿಲ್ಲ. ಮನೆತನದ ಆಸ್ತಿ ಅಂತ ಸಿಕ್ಕಿದ್ದು ಇದೊಂದೇ ಅಂತ ಅಣ್ಣ ಗೊಣಗಿದ.

ಊರಿಗೆ ವಾಪಸ್ ಬರುವಾಗ ಸಕ್ರೆಬೈಲಿನಲ್ಲಿ ಬಸ್ಸಿನ ಕಿಟಕಿಯಿಂದ ಆನೆ ಕಂಡಿತು. ಹುಡುಗಿಯ ಪಾಠ ಇನ್ನೂ ತಲೆಯಲ್ಲಿತ್ತು. ಆನೆಯ ದವಡೆ ಹಲ್ಲಿನಲ್ಲಿ ನಮ್ಮಂಥ ದಿಬ್ಬಗಳಿಲ್ಲ. ಎನಾಮಲ್ ಪಟ್ಟಿಗಳು ಅಡ್ಡಡ್ಡ ಸಾಲಾಗಿರುತ್ತವೆ. ಹುಲ್ಲು, ಕೊಂಬೆ, ತೊಗಟೆ ಎಲ್ಲ ಅದರಡಿ ಉಜ್ಜಿ ಹಿಟ್ಟಾಗಬೇಕು. ಸವೆದ ಹಲ್ಲು ಮುಂದೆ ಸರಿದು ಉದುರಿ, ಹಿಂದಿನಿಂದ ಹೊಸದು ಬರುತ್ತದೆ. ಜೀವಮಾನದಲ್ಲಿ ಆರು ಸರದಿ. ದನಕ್ಕೆ ಅರ್ಧಚಂದ್ರದಂಥ ಏಣುಗಳು, ಅದಕ್ಕೇ ಅದು ದವಡೆಯನ್ನು ಪಕ್ಕಕ್ಕೆ ಓಡಿಸಿ ಮೆಲುಕು ಹಾಕುವುದು. ನಾಯಿಯ ದೊಡ್ಡ ದವಡೆ ಹಲ್ಲು ಕತ್ತರಿಯ ಹಾಗೆ ಬರೀ ಮೇಲೆ ಕೆಳಗೆ. ನಾವು ಎಲ್ಲವನ್ನೂ ತಿನ್ನುವವರು, ನಮಗೆ ಗುಂಡು ದಿಬ್ಬ. ಹಂದಿಯದೂ ನಮ್ಮ ಥರವೇ ಅಂತೆ. ಇದನ್ನು ಮನೆಯಲ್ಲಿ ಹೇಳಿದರೆ ಯಾರಿಗೂ ಸಂತೋಷವಾಗಲಿಲ್ಲ.

ಕ್ಯಾಪ್ ಬಂದಿದೆ ಅಂತ ಫೋನ್ ಬಂತು. ಈ ಸಲ ಇಂಜೆಕ್ಷನ್ ಇಲ್ಲ. ಮರಗಟ್ಟಿದ ಬಾಯಿಗೆ ಹಲ್ಲು ಎತ್ತರವೋ ತಗ್ಗೋ ತಿಳಿಯುವುದಿಲ್ಲ, ನೀವೇ ಹೇಳಬೇಕು ಅಂದರು. ಕೈಯಲ್ಲಿಟ್ಟುಕೊಂಡು ನೋಡಿದೆ. ಐದೂ ದಿಬ್ಬ ಇದ್ದವು, ಹಿಂದಿನ ಪಾಪದ್ದೂ ಸೇರಿ. ಇಷ್ಟು ಚೆನ್ನಾಗಿದ್ದ ಮೇಲೆ ಅಂಟಿಸುವುದೊಂದೇ ಬಾಕಿ ಅಂದುಕೊಂಡರೆ, ಅಸಲಿ ಕೆಲಸ ಆಗ ಶುರುವಾಯಿತು.

ನೀಲಿ ಬಣ್ಣದ ತೆಳು ಕಾಗದ ಹಲ್ಲಿನ ಮೇಲಿಟ್ಟು "ಟಕ್ ಟಕ್ ಅಂತ ಕಚ್ಚಿ" ಅನ್ನುತ್ತಾರೆ. ತಾಗಿದ ಕಡೆ ನೀಲಿ ಚುಕ್ಕೆ. ಆಮೇಲೆ ಕೆಂಪು ಕಾಗದ. "ಈಗ ಆ ಕಡೆ ಈ ಕಡೆ ಉಜ್ಜಿ." ಎಳೆದ ಕಡೆ ಕೆಂಪು ಗೆರೆ. ಚುಕ್ಕೆ ಇರಬೇಕಾದ ಕಡೆ ಇರಲಿ, ಬೇಡದ ಗೆರೆ ಹೋಗಲಿ ಅಂತ ಸ್ವಲ್ಪ ಅರೆದು ಮತ್ತೆ ಕಾಗದ. ಬ್ಲೌಸ್ ಟ್ರಯಲ್‌ಗೆ ಹಾಕಿಸಿ, ಬಿಗಿಯಾದ ಕಡೆ ಚಾಕ್‌ನಿಂದ ಗುರುತು ಹಾಕಿ ಬಿಚ್ಚಿ ಮತ್ತೆ ಹೊಲಿಯುವ ನನಗೆ ಈ ಕೆಲಸ ಹೇಳಿಕೊಡಬೇಕಾಗಿರಲಿಲ್ಲ. ಅಳತೆ ಎಷ್ಟೇ ಸರಿಯಿದ್ದರೂ ಕೈ ಎತ್ತಿ ಇಳಿಸಿ ನೋಡದೆ ಗಿರಾಕಿಗೆ ಕೊಡಬಾರದು. ನಿಂತಾಗ ಸರಿ ಕೂತದ್ದು ಕೈ ಎತ್ತಿದಾಗ ಹಿಡಿಯುತ್ತದೆ.

ಆಗಿದ್ದೂ ಹಾಗೆಯೇ. ಅಂಟಿಸಿಕೊಂಡು ಊರಿಗೆ ಬಂದೆ. ಬಲಗಡೆ ಅಗಿದರೆ ಪರಮ ಸುಖ. ಎಡಗಡೆ ಅಗಿದರೆ ಬಲಗಡೆಯ ಹೊಸ ಹಲ್ಲು ಎಲ್ಲೋ ತಡೆಯುತ್ತದೆ! ಅಡ್ಜಸ್ಟ್ ಆಗುತ್ತೆ ಬಿಡು ಅಂತ ಎಲ್ಲರೂ ಅಂದರು. ಹಲ್ಲಿನ ವಿಷಯದಲ್ಲಿ ಈ ಮಾತು ನನಗೆ ಸರಿ ಕಾಣುವುದಿಲ್ಲ. ಹಲ್ಲು ಕಚ್ಚುವುದು ಸರಿಯಿಲ್ಲ ಅಂತ ಅನ್ನಿಸಿದರೆ ಹೋಗಿ ಹೇಳಬೇಕು. ಹಲ್ಲಿನ ಬೇರಿನ ಸುತ್ತ ಇರುವ ತೆಳು ಪದರಕ್ಕೆ ಕೂದಲೆಳೆಗಿಂತ ಸಣ್ಣ ವ್ಯತ್ಯಾಸವೂ ತಿಳಿಯುತ್ತದೆ. ಡಾಕ್ಟರಿಗೆ ಕಾಣದ್ದು ನಮ್ಮ ಬಾಯಿಗೆ ಗೊತ್ತಾಗುತ್ತದೆ.

ಮತ್ತೆ ಹೋದೆ. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಎಡಗಡೆ ಅಗಿಯುವಾಗ ಕೆಳದವಡೆ ಎಡಕ್ಕೆ ಹೋಗುತ್ತದೆ. ಆಗ ಬಲಗಡೆಯ ಹಲ್ಲುಗಳು ಬಿಟ್ಟುಕೊಳ್ಳಬೇಕು. ನನ್ನ ಕ್ಯಾಪಿನ ಕೆನ್ನೆ ಕಡೆಯ ದಿಬ್ಬದ ಒಳ ಇಳಿಜಾರು ಮೇಲಿನ ಹಲ್ಲಿನ ಅಂಗಳದ ಕಡೆಯ ದಿಬ್ಬಕ್ಕೆ ಉಜ್ಜುತ್ತಿತ್ತು. ಕೆಂಪು ಕಾಗದದಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಗೆರೆ. ಅದನ್ನು ತೆಗೆದು, ಒರಟು ಉಳಿಯದ ಹಾಗೆ ಹೊಳಪು ಮಾಡಿದರು. ಒರಟಾದ ಜಿರ್ಕೋನಿಯಾ ಎದುರು ಹಲ್ಲಿನ ಎನಾಮಲ್ ತಿಂದುಹಾಕುತ್ತದಂತೆ. ನಿಮಿಷಗಳ ಕೆಲಸ. ಎದ್ದು ಕೂತು ಅಗಿದ ಹಾಗೆ ಮಾಡಿ ನೋಡಿದೆ, ತಡೆ ಹೋಗಿತ್ತು.

ನಮ್ಮ ಅತ್ತೆಯವರ ಹಲ್ಲು ಕವಳ ಹಾಕಿ ಹಾಕಿ ಪೂರ್ತಿ ಚಪ್ಪಟೆಯಾಗಿದೆ. ನಡುವೆ ಹಳದಿ ಡೆಂಟಿನ್ ಬಟ್ಟಲಿನ ಹಾಗೆ ಕಾಣುತ್ತದೆ, ಸುತ್ತ ಎನಾಮಲ್ ಅಂಚು. "ನಂಗೆ ದಿಬ್ಬನೂ ಇಲ್ಲ ಗುಡ್ಡನೂ ಇಲ್ಲ, ಎಲ್ಲ ತಿಂತೀನಿ" ಅನ್ನುತ್ತಾರೆ. ಆದರೆ ಸೊಪ್ಪಿನ ದಂಟು ತಟ್ಟೆಯ ಅಂಚಿಗೆ ಎತ್ತಿಡುತ್ತಾರೆ. ನಾನು ನೋಡಿದ್ದೇನೆ.

ಎಡಗಡೆಯ ಕೆಳಗಿನ ದವಡೆ ಹಲ್ಲಿನಲ್ಲೂ ಅದೇ ಕಾಲದ ಬೆಳ್ಳಿ ಫಿಲ್ಲಿಂಗ್ ಇದೆ. ಅದಕ್ಕೂ ಕ್ಯಾಪ್ ಹಾಕಿಬಿಡೋಣವಾ ಅಂತ ಕೇಳಿದೆ. ಡಾಕ್ಟರು ಲೈಟು ಹಿಡಿದು, ಕಡ್ಡಿ ಇಟ್ಟು, ಎಲ್ಲ ದಿಬ್ಬಗಳನ್ನೂ ಕಚ್ಚಿಸಿ ನೋಡಿದರು. ಬೆಳಕು ಎಲ್ಲೂ ನಿಲ್ಲಲಿಲ್ಲ, ನೋವೂ ಬರಲಿಲ್ಲ. "ಚೆನ್ನಾಗಿರೋ ಹಲ್ಲು ಅರೆಯೋದು ಬೇಡ ಅಕ್ಕ. ದಾರ ಮಾತ್ರ ಕತ್ತರಿಯಲ್ಲಿ ಕತ್ತರಿಸಿ" ಅಂದರು. ದಾರದ ಮಾತು ಇನ್ನೂ ಪೂರ್ತಿ ಪಾಲಿಸಲು ಆಗಿಲ್ಲ.